ಹಳೆಯ ಲಾರಿಯ ಆಯಿಲ್ ಪ್ರೆಶರ್: ಬಿಚ್ಚುವ ಮೊದಲು ಅಳೆದು ನೋಡಿ

ಹತ್ತಿ ಬಿಡಿಸುವ ಕಾಲ ಬಂತೆಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಹಳೆಯ ಲಾರಿಗಳಿಗೆ ಬಿಡುವೇ ಇರುವುದಿಲ್ಲ. ಹತ್ತಿ ಮುಗಿಯುವಷ್ಟರಲ್ಲಿ ತೊಗರಿ, ತೊಗರಿಯ ಹಿಂದೆಯೇ ಭತ್ತ. ಗದ್ವಾಲ ತಾಲೂಕು 1956ರ ತನಕ ರಾಯಚೂರು ಜಿಲ್ಲೆಗೇ ಸೇರಿತ್ತು. ರಾಜ್ಯದ ಗಡಿ ಬದಲಾಯಿತು, ಮುಂದೆ ಜಿಲ್ಲೆಗಳೂ ಬದಲಾದವು. ಆದರೆ ಮಾಲು ತುಂಬಿಕೊಂಡು ರಾಯಚೂರಿನ ಮಾರುಕಟ್ಟೆಗೆ ಹೋಗುವ ರೂಢಿ ಉಳಿದುಕೊಂಡಿತು. ಈ ದಾರಿಯಲ್ಲಿ ಓಡುವ ಒಕ್ಕಲುತನದ ಮನೆಗಳ ಲಾರಿಗಳಲ್ಲಿ ಹೊಸವು ಕಡಿಮೆ. ಹತ್ತಾರು ವರ್ಷ ದುಡಿದು, ಎರಡು ಮೂರು ಕೈ ಬದಲಾಯಿಸಿ ನಮ್ಮ ಅಂಗಳಕ್ಕೆ ಬಂದು ನಿಂತವೇ ಹೆಚ್ಚು.

ಇಂಥ ಲಾರಿ ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಒಂದು ಪ್ರಶ್ನೆ ಎದುರಾಗುತ್ತದೆ. ಮೀಟರಿನಲ್ಲಿ ಆಯಿಲ್ ಪ್ರೆಶರಿನ ಮುಳ್ಳು ಇಳಿಯುತ್ತದೆ, ಇಲ್ಲವೆ ಕೆಂಪು ಬಲ್ಬು ಹೊತ್ತಿಕೊಳ್ಳುತ್ತದೆ. ಗ್ಯಾರೇಜಿಗೆ ಹೋದರೆ, "ಇಂಜಿನ್ ಇಳಿಸಬೇಕು, ಪೂರ್ತಿ ಕೆಲಸ ಆಗಬೇಕು" ಎಂಬ ಮಾತು ಕೇಳಿಬರುತ್ತದೆ. ಪೂರ್ತಿ ಕೆಲಸವೆಂದರೆ ಒಂದು ವರ್ಷದ ಬೆಳೆಯ ಲಾಭ ಹೋದ ಹಾಗೆಯೇ. ಬೇಡವೆಂದು ಹಾಗೇ ಓಡಿಸಿದರೆ ಇಂಜಿನ್ನೇ ಹೋಗಬಹುದು. ಈ ಇಕ್ಕಟ್ಟಿನಲ್ಲಿ ಸಿಕ್ಕ ಮನೆಗಳಿಗೆ ನೆರವಾಗಲೆಂದು ಈ ಸಲದ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ನಾವು ಇಂಜಿನಿಯರುಗಳಲ್ಲ. ಒಂದು ಇಂಜಿನ್ ಕಳೆದುಕೊಂಡು, ಇನ್ನೊಂದನ್ನು ಉಳಿಸಿಕೊಂಡವರು.

ಮೊದಲ ಲಾರಿ ಕಲಿಸಿದ ಪಾಠ

ನಮ್ಮ ಮನೆಯ ಮೊದಲ ಲಾರಿ ಭತ್ತದ ಲೋಡು ಹೊತ್ತು ಹೊರಟಿದ್ದ ದಿನ. ಮಕ್ತಲ್ ದಾಟಿದ ಮೇಲೆ ಕೆಂಪು ಬಲ್ಬು ಹೊತ್ತಿತು. ಡ್ರೈವರು ಇಳಿದು ನೋಡಿದ. ಇಂಜಿನ್ ಸದ್ದಿನಲ್ಲಿ ಏನೂ ವ್ಯತ್ಯಾಸವಿರಲಿಲ್ಲ, ನೀರೂ ಕುದಿದಿರಲಿಲ್ಲ. "ವೈರಿಂದು ಏನೋ ಆಗಿರಬೇಕು, ಮಿಲ್ಲು ಇನ್ನೇನು ಬಂತು" ಎಂದು ಮತ್ತೆ ಹೊರಟ. ಕೃಷ್ಣಾ ಸೇತುವೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಳಗಿನಿಂದ ಸುತ್ತಿಗೆ ಬಡಿದಂಥ ಸದ್ದು ಕೇಳಿತು, ಇಂಜಿನ್ ಹಿಡಿದುಕೊಂಡು ನಿಂತೇ ಬಿಟ್ಟಿತು. ಬಿಚ್ಚಿದಾಗ ಕ್ರ್ಯಾಂಕ್ ನೀಲಿಗಟ್ಟಿತ್ತು, ಬೇರಿಂಗುಗಳು ಕರಗಿ ಅಂಟಿಕೊಂಡಿದ್ದವು. ಆ ವರ್ಷ ಎರಡು ಎಮ್ಮೆ ಮಾರಿದೆವು, ಮಗಳ ಕಾಲೇಜಿನ ಫೀಸಿಗೆ ಸಾಲ ಮಾಡಿದೆವು.

ಬಲ್ಬು ಹೊತ್ತಿದ ತಕ್ಷಣ ಇಂಜಿನ್ ಬಂದ್ ಮಾಡಿದ್ದರೆ ನಷ್ಟವಾಗುತ್ತಿದ್ದುದು ಅರ್ಧ ದಿನ ಮಾತ್ರ. ಇದನ್ನು ನೆನಪಿನಲ್ಲಿಡಬೇಕು: ಸಾಮಾನ್ಯವಾಗಿ ಒತ್ತಡ ಅರ್ಧ ಕಿಲೋದ ಆಸುಪಾಸಿಗೆ ಇಳಿದ ಮೇಲೆಯೇ ಆ ಬಲ್ಬು ಹೊತ್ತುತ್ತದೆ. ಬಲ್ಬು ಮುನ್ಸೂಚನೆಯಲ್ಲ, ಕೊನೆಯ ಕೂಗು.

ಪ್ರೆಶರ್ ಎಂದರೆ ಏನು?

ವೈದ್ಯರು ತೋಳಿಗೆ ಪಟ್ಟಿ ಕಟ್ಟಿ ರಕ್ತದ ಒತ್ತಡ ನೋಡುತ್ತಾರೆ. ಇಂಜಿನ್ನಿಗೂ ಹಾಗೆಯೇ. ಕೆಳಗಿನ ಚೇಂಬರಿನಲ್ಲಿ ನಿಂತ ಆಯಿಲನ್ನು ಪಂಪು ಒಂದು ಜಾಲರಿಯ ಮೂಲಕ ಹೀರಿ, ಫಿಲ್ಟರಿಗೆ ತಳ್ಳಿ, ಅಲ್ಲಿಂದ ಕ್ರ್ಯಾಂಕ್, ಕ್ಯಾಮ್, ರಾಕರ್ ತನಕ ಸಣ್ಣ ಸಣ್ಣ ದಾರಿಗಳಲ್ಲಿ ಕಳಿಸುತ್ತದೆ. ಕ್ರ್ಯಾಂಕ್ ತಿರುಗುವುದು ಬೇರಿಂಗಿನ ಮೇಲಲ್ಲ, ಇವೆರಡರ ನಡುವೆ ಇರುವ, ಕೂದಲಿಗಿಂತ ತೆಳುವಾದ ಆಯಿಲ್ ಪೊರೆಯ ಮೇಲೆ. ಆ ಪೊರೆ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ.

ಒತ್ತಡವನ್ನು ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂದು ಅಳೆಯುತ್ತಾರೆ. ಗ್ಯಾರೇಜಿನಲ್ಲಿ "ಎರಡು ಕೆಜಿ, ಮೂರು ಕೆಜಿ" ಎನ್ನುವುದು ಇದನ್ನೇ. ಒಂದು ಕಿಲೋ ಎಂದರೆ ಸುಮಾರು 14 ಪೌಂಡು. ಹಳೆಯ ಡೀಸೆಲ್ ಲಾರಿ ಚೆನ್ನಾಗಿ ಬಿಸಿಯಾದ ಮೇಲೆ ನಿಂತಲ್ಲೇ ನಿಧಾನವಾಗಿ ಓಡುವಾಗ ಸುಮಾರು 1 ಕಿಲೋ, ರಸ್ತೆಯಲ್ಲಿ ಓಡುವಾಗ 3ರಿಂದ 5 ಕಿಲೋ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಇದು ಅಂದಾಜು ಮಾತ್ರ. ನಿಮ್ಮ ಇಂಜಿನ್ನಿನ ಕಂಪನಿ ಪುಸ್ತಕದಲ್ಲಿ ಕೊಟ್ಟ ಅಂಕಿಯೇ ಕೊನೆಯ ಮಾತು.

ಗಸಿ ಹೇಗೆ ಹುಟ್ಟುತ್ತದೆ?

ಗಾಣದ ಎಣ್ಣೆಯ ಡಬ್ಬಿಯ ತಳದಲ್ಲಿ ಗಸಿ ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಇಂಜಿನ್ನಿನಲ್ಲಿಯೂ ಹೀಗೆಯೇ ಕಪ್ಪಗೆ, ಡಾಂಬರಿನಂತೆ ಜಿಗುಟಾದ ಗಸಿ ಕೂರುತ್ತದೆ. ಡೀಸೆಲ್ ಉರಿದಾಗ ಹುಟ್ಟುವ ಮಸಿ, ಗಾಳಿಯ ತೇವ, ಬಿಸಿಗೆ ಕೆಟ್ಟ ಆಯಿಲು, ಎರೆಮಣ್ಣಿನ ಧೂಳು ಇವೆಲ್ಲ ಸೇರಿ ಗಸಿಯಾಗುತ್ತವೆ. ಹೊಸ ಆಯಿಲಿನಲ್ಲಿ ಮಸಿಯನ್ನು ಕೂರಲು ಬಿಡದೆ ತೇಲಿಸಿಕೊಂಡು ಹೋಗುವ ಔಷಧ ಬೆರೆತಿರುತ್ತದೆ. ಅದಕ್ಕೂ ಒಂದು ಮಿತಿಯಿದೆ. ಮಿತಿ ಮುಗಿದರೆ ಮಸಿ ಕೆಳಗೆ ಕೂರುತ್ತದೆ.

ಹಾಗೆಂದು ಆಯಿಲು ಕಪ್ಪಗಾದ ಮಾತ್ರಕ್ಕೆ ಕೆಟ್ಟಿತೆಂದು ತಿಳಿಯಬಾರದು. ಡೀಸೆಲ್ ಇಂಜಿನ್ನಿಗೆ ಹಾಕಿದ ಹೊಸ ಆಯಿಲು ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಹಿಡಿದುಕೊಂಡಿದೆ ಎಂಬುದಕ್ಕೆ ಅದೇ ಗುರುತು.

ನಮ್ಮ ಕಡೆಯ ಲಾರಿಗಳಲ್ಲಿ ಗಸಿ ಬೇಗ ಕಟ್ಟಲು ಬೇರೆಯೇ ಕಾರಣಗಳಿವೆ. ಸುಗ್ಗಿಯ ಮೂರು ತಿಂಗಳು ಬಿಡುವಿಲ್ಲದ ದುಡಿತ. ಮಳೆಗಾಲದಲ್ಲಿ ಅಂಗಳದಲ್ಲಿ ನಿಂತು ತೇವ ಕುಡಿಯುವುದು. ಹತ್ತಿ ಮಿಲ್ಲಿನ ಮುಂದೆ ಸಾಲಿನಲ್ಲಿ ಗಂಟೆಗಟ್ಟಲೆ ಇಂಜಿನ್ ಚಾಲು ಇಟ್ಟುಕೊಂಡು ಕಾಯುವುದು. ಹೊಲದಿಂದ ಊರಿಗೆ ಎರಡು ಮೂರು ಮೈಲಿನ ಓಡಾಟ. ಇಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಒಳಗಿನ ತೇವ ಆರಿ ಹೋಗುವುದಿಲ್ಲ. ಕಿಲೋಮೀಟರು ಕಡಿಮೆ ಓಡಿದೆ, ಆಯಿಲ್ ಬದಲಿಸುವುದು ಬೇಡ ಎಂಬ ಲೆಕ್ಕ ತಪ್ಪುವುದು ಇಲ್ಲಿಯೇ. ಓಡದೆ ನಿಂತರೂ ಆಯಿಲು ಹಳತಾಗುತ್ತದೆ.

ಎರಡನೆಯ ಲಾರಿ: ಮುಳ್ಳು ಹೇಳಿದ ಮಾತು

ಮೊದಲ ಲಾರಿ ಹೋದ ಕೆಲವು ವರ್ಷಗಳ ಮೇಲೆ ಹಳೆಯದೇ ಇನ್ನೊಂದು ಆರು ಸಿಲಿಂಡರಿನ ಲಾರಿ ತಂದೆವು. ಮೊದಲ ಸುಗ್ಗಿಯಲ್ಲೇ ತೊಂದರೆ ಶುರುವಾಯಿತು. ಬೆಳಿಗ್ಗೆ ನಾರಾಯಣಪೇಟೆ ಕಡೆಯಿಂದ ಹೊರಡುವಾಗ ಮುಳ್ಳು ಸರಿಯಾಗಿಯೇ ಇರುತ್ತಿತ್ತು. ಒಂದು ತಾಸು ಜೋರಾಗಿ ಓಡಿದ ಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಆಕ್ಸಿಲೇಟರ್ ಒತ್ತಿದರೆ ಏರುವ ಬದಲು ಇನ್ನಷ್ಟು ಇಳಿಯುತ್ತಿತ್ತು. ಈ ಸಲ ಡ್ರೈವರು ನಿಲ್ಲಿಸಿದ. ಅರ್ಧ ತಾಸು ಬಿಟ್ಟು ಶುರು ಮಾಡಿದರೆ ಮುಳ್ಳು ಮತ್ತೆ ಮೊದಲಿನಂತೆಯೇ!

ಒಂದು ಗ್ಯಾರೇಜಿನವರು ಇಂಜಿನ್ ಇಳಿಸಬೇಕೆಂದರು. ಹಣಕ್ಕೆ ಎಲ್ಲಿಗೆ ಹೋಗುವುದೆಂದು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ, ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆತಂದೆವು. ಅವರು ಪಾನಾ ಮುಟ್ಟಲಿಲ್ಲ. ಮೊದಲು ಕೇಳಿದ್ದು ಮೂರೇ ಪ್ರಶ್ನೆ: "ತಣ್ಣಗಿದ್ದಾಗ ಎಷ್ಟು ಇರ್ತದ? ಬಿಸಿಯಾದ ಮ್ಯಾಲ ನಿಂತಲ್ಲೇ ಎಷ್ಟು? ನಿಲ್ಲಿಸಿ ಮತ್ತ ಶುರು ಮಾಡಿದ್ರ ಎಷ್ಟು?" ನಮ್ಮ ಉತ್ತರ ಕೇಳಿ, "ಇಂಜಿನ್ ಬಿಚ್ಚೋದು ಯಾವಾಗ ಬೇಕಾದ್ರೂ ಬಿಚ್ಚಬಹುದ್ರೆಪಾ. ಮೊದಲ ಅಳದು ನೋಡ್ರಿ, ಆಮ್ಯಾಲ ಚೇಂಬರ್ ಇಳಸ್ರಿ" ಎಂದರು.

ಚೇಂಬರ್ ಇಳಿಸಿದಾಗ ತಳದಲ್ಲಿ ಒಂದು ಬೆರಳಿನಷ್ಟು ದಪ್ಪ ಗಸಿ ಇತ್ತು. ಪಂಪಿನ ಜಾಲರಿಯ ಮುಕ್ಕಾಲು ಭಾಗ ಮುಚ್ಚಿಹೋಗಿತ್ತು. ಬೇರಿಂಗಿನ ಎರಡು ಕ್ಯಾಪು ತೆಗೆದು ನೋಡಿದೆವು. ಅವು ಇನ್ನೂ ಗಟ್ಟಿಯಾಗಿದ್ದವು. ಇಂಜಿನ್ ಇಳಿಸುವ ಅಗತ್ಯವೇ ಬೀಳಲಿಲ್ಲ. ಒಂದು ಪ್ಯಾಕಿಂಗು, ಒಂದು ಫಿಲ್ಟರು, ಹೊಸ ಆಯಿಲು ಮತ್ತು ಎರಡು ದಿನದ ಕೂಲಿಯಲ್ಲಿ ಲಾರಿ ಮತ್ತೆ ದಾರಿಗೆ ಬಂತು.

ಮುಳ್ಳಿನ ನಡತೆಯಿಂದ ರೋಗ ಗುರುತಿಸುವುದು

ಮೇಸ್ತ್ರಿ ಹೇಳಿದ್ದನ್ನೂ ಮುಂದೆ ನಾವು ಓದಿ, ಕೇಳಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇವೆ.

* ಶುರುವಿನಲ್ಲಿ ಸರಿಯಿದ್ದು, ಜೋರಾಗಿ ಓಡಿದಷ್ಟೂ ಇಳಿದು, ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಹೋಗುವುದು: ಜಾಲರಿಗೆ ಗಸಿ ಕಟ್ಟಿರುವ ಸಂಭವ ಹೆಚ್ಚು. ಓಡುವಾಗ ಗಸಿ ಜಾಲರಿಗೆ ಬಂದು ಅಂಟುತ್ತದೆ, ನಿಂತಾಗ ಕಳಚಿ ಕೆಳಗೆ ಬೀಳುತ್ತದೆ.

* ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿಯಾದ ಮೇಲೆ ನಿಂತಲ್ಲೇ ತೀರ ಇಳಿದು, ಆಕ್ಸಿಲೇಟರ್ ಕೊಟ್ಟರೆ ಏರುವುದು: ಆಯಿಲು ತೆಳ್ಳಗಾಗಿದೆ, ಇಲ್ಲವೆ ಬೇರಿಂಗು ಸವೆದಿದೆ. ಲೋಡಿನಲ್ಲಿ ಕೆಳಗಿನಿಂದ ಬಡಿತವೂ ಕೇಳಿಸಿದರೆ ಬೇರಿಂಗಿನ ಕಡೆಗೇ ಅನುಮಾನ.

* ತಣ್ಣಗಿರಲಿ ಬಿಸಿಯಿರಲಿ, ಯಾವಾಗಲೂ ಕಡಿಮೆ: ಆಯಿಲಿನ ಮಟ್ಟ, ಪಂಪು, ಒತ್ತಡ ಹಿಡಿತದಲ್ಲಿಡುವ ರಿಲೀಫ್ ವಾಲ್ವ್, ಈ ಮೂರನ್ನೂ ನೋಡಬೇಕು.

* ತಿರುವಿನಲ್ಲಿ, ಏರಿನಲ್ಲಿ, ಬ್ರೇಕು ಹಾಕಿದಾಗ ಮಾತ್ರ ಮುಳ್ಳು ಬೀಳುವುದು: ಆಯಿಲು ಕಡಿಮೆಯಿದೆ.

* ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದು ಒಮ್ಮೆಲೇ ಏರುವುದು: ವೈರು ಅಥವಾ ಸೆಂಡರು ಕೆಟ್ಟಿರಬಹುದು, ಪಂಪಿನ ಹೀರು ಕೊಳವೆಯಲ್ಲಿ ಗಾಳಿ ಸೇರುತ್ತಿರಲೂಬಹುದು. ಯಾವುದೆಂದು ಗೊತ್ತಾಗುವ ತನಕ ಓಡಿಸಬಾರದು.

* ಬಿಸಿಯಾದ ಮೇಲೂ ಒತ್ತಡ ಅತಿ ಹೆಚ್ಚು ನಿಲ್ಲುವುದು: ಇದೂ ಒಳ್ಳೆಯದಲ್ಲ. ಆಯಿಲು ತೀರ ದಪ್ಪವಿದೆ, ರಿಲೀಫ್ ವಾಲ್ವ್ ಸಿಕ್ಕಿಕೊಂಡಿದೆ, ಇಲ್ಲವೆ ಮುಂದಿನ ದಾರಿ ಕಟ್ಟಿದೆ.

ಅಗ್ಗದ್ದರಿಂದ ದುಬಾರಿಯ ಕಡೆಗೆ

ಹುಡುಕುವಾಗ ಕ್ರಮ ತಪ್ಪಬಾರದು. ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು, ಇಂಜಿನ್ ಇಳಿಸುವುದು ಎಲ್ಲಕ್ಕೂ ಕೊನೆಗೆ.

1. ಕಡ್ಡಿ ನೋಡಿ. ಸಮತಟ್ಟಾದ ಜಾಗದಲ್ಲಿ, ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಕಡ್ಡಿ ಎಳೆದು ನೋಡಬೇಕು. ಆಯಿಲು ಕಡಿಮೆಯಿದ್ದರೆ ಎಲ್ಲಿ ಸೋರಿತು, ಎಷ್ಟು ಸುಟ್ಟಿತು ಎಂದು ಹುಡುಕಿ. ನಾವು ಹಾಕದೆಯೇ ಆಯಿಲು ಹೆಚ್ಚಾಗಿದ್ದರೆ ಅದು ಇನ್ನೂ ಅಪಾಯ. ಒಳಗೆ ಡೀಸೆಲ್ಲೋ ನೀರೋ ಸೇರುತ್ತಿದೆ ಎಂದರ್ಥ.

2. ಮೂಸಿ ನೋಡಿ. ಕಡ್ಡಿಯಲ್ಲಿ ಡೀಸೆಲ್ ವಾಸನೆಯಿದ್ದು, ಆಯಿಲು ನೀರಿನಂತೆ ತೆಳ್ಳಗಿದ್ದರೆ ಫೀಡ್ ಪಂಪು, ದೊಡ್ಡ ಪಂಪಿನ ಸೀಲು, ತೊಟ್ಟಿಕ್ಕುವ ನಾಜಲ್ಲುಗಳನ್ನು ಪರೀಕ್ಷಿಸಬೇಕು. ಇದನ್ನು ಸರಿಮಾಡದೆ ಎಷ್ಟು ಹೊಸ ಆಯಿಲು ಹಾಕಿದರೂ ವ್ಯರ್ಥ.

3. ಮುಚ್ಚಳ ತೆಗೆದು ನೋಡಿ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂತೆ ಬಿಳಿ ಪದರವಿದ್ದರೆ ಅದು ನೀರಿನ ಗುರುತು. ಮಳೆಗಾಲದಲ್ಲಿ ಮುಚ್ಚಳದಲ್ಲಿ ಮಾತ್ರ ಸ್ವಲ್ಪ ಕಂಡು, ಒಂದು ದೂರದ ಓಟದ ಮೇಲೆ ಮಾಯವಾದರೆ ಅದು ಬರೀ ತೇವ. ಕಡ್ಡಿಯಲ್ಲಿಯೂ ಹಾಲು ಬೆರೆತಂತಿದ್ದು, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಲೈನರಿನ ರಬ್ಬರ್ ರಿಂಗು, ಆಯಿಲ್ ಕೂಲರ್ ನೋಡಬೇಕು. ಕೂಲರ್ ಒಡೆದಿದ್ದರೆ ಇಂಜಿನ್ ಓಡುವಾಗ ಆಯಿಲು ನೀರಿಗೆ ಹೋಗುತ್ತದೆ, ನಿಂತ ಮೇಲೆ ನೀರು ಆಯಿಲಿಗೆ ಬರಬಹುದು. ಆದ್ದರಿಂದ ರೇಡಿಯೇಟರಿನ ನೀರಿನ ಮೇಲೆ ಜಿಡ್ಡು ತೇಲುತ್ತಿದೆಯೇ ಎಂಬುದನ್ನೂ ನೋಡಿ. ರೇಡಿಯೇಟರ್ ಮುಚ್ಚಳವನ್ನು ತಣ್ಣಗಾದ ಮೇಲೆಯೇ ತೆಗೆಯಬೇಕು.

4. ಕಾಗದದ ಪರೀಕ್ಷೆ. ಬಿಸಿ ಇಂಜಿನ್ನಿನ ಕಡ್ಡಿಯಿಂದ ಒಂದು ಹನಿಯನ್ನು ಮಸಿ ಹೀರುವ ಕಾಗದದ ಮೇಲೆ ಬಿಟ್ಟು ಒಂದು ರಾತ್ರಿ ಇಡಿ. ಕಪ್ಪು ಬಣ್ಣ ಅಂಚಿನವರೆಗೆ ಸಮನಾಗಿ ಹರಡಿದ್ದರೆ ಆಯಿಲಿಗೆ ಇನ್ನೂ ಶಕ್ತಿಯಿದೆ. ನಡುವೆ ಮಾತ್ರ ಗಟ್ಟಿ ಕಪ್ಪು ಚುಕ್ಕೆ ಕೂತು ಸುತ್ತ ಬಿಳಿಚಿಕೊಂಡಿದ್ದರೆ ಮಸಿ ಹೊರುವ ಶಕ್ತಿ ಮುಗಿದಿದೆ, ಕೂಡಲೇ ಬದಲಿಸಬೇಕು. ಇದು ಮನೆಯ ಅಂದಾಜು, ಪ್ರಯೋಗಾಲಯದ ಲೆಕ್ಕವಲ್ಲ.

5. ಬೇರೆ ಮೀಟರು ಹಾಕಿ ಅಳೆಯಿರಿ. ಇದೇ ಎಲ್ಲಕ್ಕಿಂತ ಮುಖ್ಯ. ಹಳೆಯ ಲಾರಿಯ ಡ್ಯಾಶಿನ ಮೀಟರನ್ನು ನಂಬುವಂತಿಲ್ಲ. ಸೆಂಡರು ಬಿಚ್ಚಿ, ಅದೇ ತೂತಿಗೆ ಸರಿಯಾಗಿರುವ ಮೆಕ್ಯಾನಿಕಲ್ ಮೀಟರನ್ನು ಕೊಳವೆಯ ಮೂಲಕ ಜೋಡಿಸಬೇಕು. ತಣ್ಣಗಿದ್ದಾಗ, ಬಿಸಿಯಾದ ಮೇಲೆ ನಿಂತಲ್ಲಿ, ಬಿಸಿಯಾದ ಮೇಲೆ ವೇಗದಲ್ಲಿ, ಹೀಗೆ ಮೂರು ಅಂಕಿ ಬರೆದುಕೊಳ್ಳಿ. ಈ ಅಂಕಿಗಳು ಸರಿಯಿದ್ದರೆ ಕೆಟ್ಟಿರುವುದು ಸೆಂಡರೋ ವೈರೋ ಅಷ್ಟೇ. ಮೂರು ಅಂಕಿಯ ಚೀಟಿ ಕೈಯಲ್ಲಿದ್ದರೆ ಗ್ಯಾರೇಜಿನಲ್ಲಿ ನಮ್ಮ ಮಾತಿಗೂ ತೂಕ ಬರುತ್ತದೆ.

6. ಫಿಲ್ಟರ್ ಕತ್ತರಿಸಿ ನೋಡಿ. ಹಳೆಯ ಫಿಲ್ಟರನ್ನು ಎಸೆಯುವ ಮುನ್ನ ಒಳಗಿನ ಕಾಗದವನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಕಪ್ಪು ಗಸಿ ಮಾತ್ರವಿದ್ದರೆ ಶುಚಿ ಮಾಡಿದರೆ ಸಾಕಾಗಬಹುದು. ಬೆಳ್ಳಿಯಂತೆ ಅಥವಾ ತಾಮ್ರದಂತೆ ಹೊಳೆಯುವ ಪುಡಿಯಿದ್ದರೆ ಬೇರಿಂಗು ಸವೆಯುತ್ತಿದೆ. ಫಿಲ್ಟರ್ ಪೂರ್ತಿ ಕಟ್ಟಿದರೆ ಪಕ್ಕದ ದಾರಿ ತೆರೆದು, ಸೋಸದ ಆಯಿಲೇ ಬೇರಿಂಗಿಗೆ ಹೋಗುತ್ತದೆ. ಆಗ ಮುಳ್ಳು ಸರಿಯಾಗಿಯೇ ಕಂಡರೂ ಒಳಗೆ ಸವೆತ ನಡೆದೇ ಇರುತ್ತದೆ.

7. ಬ್ರೀದರ್ ಮತ್ತು ರಿಲೀಫ್ ವಾಲ್ವ್. ಇಂಜಿನ್ ಉಸಿರಾಡುವ ಬ್ರೀದರ್ ಕೊಳವೆ ಕಟ್ಟಿದ್ದರೆ ಹೊಗೆ, ತೇವ ಒಳಗೇ ಉಳಿದು ಗಸಿಯಾಗುತ್ತದೆ. ನಮ್ಮ ಲಾರಿಯಲ್ಲಿ ಆಗಿದ್ದೂ ಇದೇ. ರಿಲೀಫ್ ವಾಲ್ವಿನ ಬಾಯಲ್ಲಿ ಒಂದು ಹರಳು ಸಿಕ್ಕಿದರೂ ಒತ್ತಡ ನಿಲ್ಲದು. ಬಿಚ್ಚಿ ತೊಳೆದು, ಸ್ಪ್ರಿಂಗ್ ಮುರಿದಿಲ್ಲವೆಂದು ನೋಡಿ ಜೋಡಿಸಬೇಕು.

8. ಚೇಂಬರ್ ಇಳಿಸುವುದು. ಮೇಲಿನ ಯಾವುದರಿಂದಲೂ ಉತ್ತರ ಸಿಗದಿದ್ದರೆ, ಅಥವಾ ಗಸಿಯ ಗುರುತು ಸ್ಪಷ್ಟವಿದ್ದರೆ ಚೇಂಬರ್ ಇಳಿಸಬೇಕು. ಜಾಲರಿ, ಹೀರು ಕೊಳವೆಯ ಜೋಡಣೆ, ಪಂಪಿನ ಹಲ್ಲು ನೋಡಿ, ಒಂದೆರಡು ಬೇರಿಂಗ್ ಕ್ಯಾಪು ತೆಗೆಸಿ. ಬೇರಿಂಗಿನ ಮೇಲಿನ ಪದರ ಹೋಗಿ ತಾಮ್ರ ಕಾಣುತ್ತಿದ್ದರೆ ಆಗ ಇಂಜಿನ್ ಕೆಲಸಕ್ಕೆ ಹಿಂಜರಿಯಬೇಡಿ. ಅಳೆದು, ಕಣ್ಣಾರೆ ನೋಡಿ ಮಾಡಿದ ಖರ್ಚು ದಂಡವಲ್ಲ.

ಗಸಿ ತೆಗೆಯುವ ಬಗೆ

ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಆಯಿಲಿಗೆ ಬೆರೆಸಿ ಇಂಜಿನ್ ಓಡಿಸಿ ತೊಳೆಯುವ ರೂಢಿ ಹಲವು ಕಡೆಯಿದೆ. ಗಸಿ ಹೆಚ್ಚಾಗಿರುವ ಹಳೆಯ ಇಂಜಿನ್ನಿಗೆ ಇದು ಅಪಾಯಕಾರಿ. ಆ ಹೊತ್ತಿನಲ್ಲಿ ಬೇರಿಂಗಿನ ಪೊರೆ ತೆಳ್ಳಗಾಗುತ್ತದೆ. ಗಸಿಯ ತುಂಡುಗಳು ಒಮ್ಮೆಲೇ ಕಳಚಿ ಜಾಲರಿಯನ್ನೇ ಮುಚ್ಚುತ್ತವೆ. ಪೇಟೆಯಲ್ಲಿ ಸಿಗುವ ತೊಳೆಯುವ ದ್ರವಗಳಿಗೂ ಇದೇ ಎಚ್ಚರಿಕೆ.

ಸುರಕ್ಷಿತ ದಾರಿ ಕೈಕೆಲಸವೇ. ಬಿಸಿಯಿರುವಾಗಲೇ ಹಳೆಯ ಆಯಿಲು ಇಳಿಸಿ, ತಣ್ಣಗಾದ ಮೇಲೆ ಚೇಂಬರ್ ತೆಗೆದು ಕಟ್ಟಿಗೆಯ ಚೂರಿನಿಂದ ಕೆರೆಯಿರಿ, ಹೊರಗಿಟ್ಟು ತೊಳೆದು ಒಣಗಿಸಿ. ಮೇಲಿನ ರಾಕರ್ ಮುಚ್ಚಳ ತೆಗೆದು ಅಲ್ಲಿಯ ಗಸಿಯನ್ನೂ ಎತ್ತಿ. ಆಯಿಲು ಕೆಳಗೆ ಇಳಿದುಬರುವ ತೂತುಗಳು ತೆರೆದಿರಬೇಕು. ಒರೆಸಲು ಹತ್ತಿಯ ವೇಸ್ಟು ಬಳಸಬೇಡಿ, ಅದರ ಎಳೆಗಳೇ ಹೋಗಿ ಜಾಲರಿಗೆ ಸುತ್ತಿಕೊಳ್ಳುತ್ತವೆ. ಎಳೆ ಬಿಡದ ಬಟ್ಟೆಯೇ ಬೇಕು.

ಜೋಡಿಸಿದ ಮೇಲೆ ಹೊಸ ಫಿಲ್ಟರು, ಪುಸ್ತಕದಲ್ಲಿ ಹೇಳಿದ ಗ್ರೇಡಿನ ಸೀಲು ಮುರಿಯದ ಡಬ್ಬಿಯ ಆಯಿಲು ಹಾಕಬೇಕು. ಸ್ಟಾಪ್ ನಾಬು ಎಳೆದು ಹಿಡಿದು, ಇಂಜಿನ್ ಹೊತ್ತಿಕೊಳ್ಳದಂತೆ ಸೆಲ್ಫು ಸ್ವಲ್ಪ ಸ್ವಲ್ಪವೇ ಹೊಡೆದು, ಮುಳ್ಳು ಎದ್ದ ಮೇಲೆಯೇ ಶುರು ಮಾಡಬೇಕು. ಒಳಗೆ ಉಳಿದ ಗಸಿಯನ್ನು ಹೊಸ ಆಯಿಲು ನಿಧಾನವಾಗಿ ಕರಗಿಸುತ್ತದೆ. ಆದ್ದರಿಂದ ಮೊದಲ ಸಲ 500 ಕಿಲೋಮೀಟರಿಗೆ, ಮುಂದಿನ ಸಲ 2,000 ಕಿಲೋಮೀಟರಿಗೆ ಆಯಿಲು, ಫಿಲ್ಟರು ಎರಡನ್ನೂ ಬದಲಿಸಿದೆವು. ಆಮೇಲೆ ಪುಸ್ತಕದ ಲೆಕ್ಕ. ಆದರೆ ಓಡಲಿ ಬಿಡಲಿ, ಮಳೆಗಾಲ ಮುಗಿದು ಸುಗ್ಗಿ ಶುರುವಾಗುವ ಮುಂಚೆ ಒಂದು ಸಲ ಬದಲಿಸುವುದನ್ನು ಬಿಟ್ಟಿಲ್ಲ.

ಮೂರು ಮೋಸಗಳು

ಒತ್ತಡ ಇಳಿದಾಗ ಮುಳ್ಳನ್ನು ಮಾತ್ರ ಏರಿಸುವ ಉಪಾಯಗಳಿವೆ. ತೀರ ದಪ್ಪ ಆಯಿಲು ಹಾಕುವುದು ಒಂದು. ರಿಲೀಫ್ ವಾಲ್ವಿನ ಸ್ಪ್ರಿಂಗಿನ ಕೆಳಗೆ ವಾಷರ್ ಇಡುವುದು ಇನ್ನೊಂದು. ಬಲ್ಬಿನ ವೈರೇ ಕಿತ್ತು ಹಾಕುವುದು ಮೂರನೆಯದು. ಹಳೆಯ ಲಾರಿ ಮಾರುವವರು ಹೀಗೆ ಮಾಡುವುದುಂಟು. ಜ್ವರ ಬಂದ ಮಗುವಿನ ಥರ್ಮಾಮೀಟರು ಒಡೆದು ಹಾಕಿದರೆ ಜ್ವರ ಹೋಗುತ್ತದೆಯೇ? ಹಳೆಯ ಲಾರಿ ಕೊಳ್ಳುವಾಗ ಚಾವಿ ತಿರುಗಿಸಿ, ಇಂಜಿನ್ ಶುರುವಾಗುವ ಮೊದಲು ಬಲ್ಬು ಹೊತ್ತುತ್ತದೆಯೇ ಎಂದು ನೋಡಿ. ಹೊತ್ತದಿದ್ದರೆ ಬಲ್ಬು ಸುಟ್ಟಿದೆ, ಇಲ್ಲವೆ ಯಾರೋ ವೈರು ಕಿತ್ತಿದ್ದಾರೆ. ಒಂದು ತಾಸು ಓಡಿಸಿ ಬಿಸಿಯಾದ ಮೇಲೆಯೇ ಪ್ರೆಶರ್ ನೋಡಿ. ತಣ್ಣನೆಯ ಇಂಜಿನ್ನಿನಲ್ಲಿ ಎಲ್ಲವೂ ಚೆಂದ ಕಾಣುತ್ತದೆ.

ಮೈಗೆ, ದನಕ್ಕೆ, ಬಾವಿಗೆ

ಆರೋಗ್ಯದ ಮಾತನ್ನೂ ಹೇಳದಿದ್ದರೆ ಈ ಅಂಕಣ ಪೂರ್ತಿಯಾಗದು. ಸುಟ್ಟ ಆಯಿಲಿನಲ್ಲಿ ಚರ್ಮಕ್ಕೆ ಕ್ಯಾನ್ಸರ್ ತರಬಲ್ಲ ವಸ್ತುಗಳಿರುತ್ತವೆ. ಹಿಂದೆ ಇಂಗ್ಲೆಂಡಿನ ಲ್ಯಾಂಕಾಶೈರಿನ ಹತ್ತಿ ಗಿರಣಿಗಳಲ್ಲಿ, ಯಂತ್ರದ ಎಣ್ಣೆಯಲ್ಲಿ ಬಟ್ಟೆ ನೆನೆದೇ ವರ್ಷಗಟ್ಟಲೆ ದುಡಿದ ನೂಲುವವರಿಗೆ ತೊಡೆಸಂದಿನ ಭಾಗದ ಚರ್ಮದಲ್ಲಿ ಕ್ಯಾನ್ಸರ್ ಬಂದದ್ದು ವೈದ್ಯರ ದಾಖಲೆಗಳಲ್ಲಿದೆ. ಒಂದು ದಿನ ಕೈಗೆ ತಾಗಿದರೆ ಭಯವಿಲ್ಲ, ದಿನವೂ ತಾಗಬಾರದು. ಆಯಿಲ್ ಬಟ್ಟೆಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಕೈಗವಸು ಹಾಕಿ. ಕೈಯನ್ನು ಪೆಟ್ರೋಲಿನಿಂದ ತೊಳೆಯದೆ ಸಾಬೂನಿನಿಂದ ತೊಳೆಯಿರಿ. ಆಯಿಲ್ ಮೆತ್ತಿದ ಅಂಗಿಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ.

ದನದ ಗಾಯಕ್ಕೆ, ಕಜ್ಜಿಗೆ, ಉಣ್ಣಿಗೆ ಸುಟ್ಟ ಆಯಿಲು ಹಚ್ಚುವವರಿದ್ದಾರೆ. ದನ ಅದನ್ನು ನೆಕ್ಕುತ್ತದೆ, ಅದರಲ್ಲಿರುವ ವಿಷ ಹೊಟ್ಟೆಗೆ ಹೋಗುತ್ತದೆ. ಪಶುವೈದ್ಯರ ಔಷಧವೇ ಸರಿ. ಹೊಲದ ಬದುವಿಗೆ, ಕಾಲುವೆಗೆ, ಬಾವಿಯ ಹತ್ತಿರ ಸುರಿಯಲೇಬೇಡಿ; ಕುಡಿಯುವ ನೀರು ಕೆಟ್ಟರೆ ಸರಿಮಾಡುವುದು ಸುಲಭವಲ್ಲ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಮತ್ತೆ ಶುದ್ಧ ಮಾಡುವ ನೋಂದಾಯಿತ ಕಾರ್ಖಾನೆಗೆ ಕಳಿಸುವವರಿಗೆ ಕೊಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಸುಟ್ಟ ಆಯಿಲೂ ಸೇರಿದೆ. ತೂಕದ ಲೆಕ್ಕದಲ್ಲಿ ಕೊಳ್ಳಲು ಬರುವವರಿಗೆಲ್ಲ ಕೊಟ್ಟರೆ, ಅದೇ ಕಪ್ಪು ಆಯಿಲು ಸೋಸಿಕೊಂಡು ಹೊಸ ಡಬ್ಬಿಯಲ್ಲಿ ನಮ್ಮ ಲಾರಿಗೇ ವಾಪಸು ಬಂದೀತು.

ಇನ್ನೆರಡು ಎಚ್ಚರಿಕೆಗಳು. ಬರೀ ಜಾಕಿಯನ್ನು ನಂಬಿ ಲಾರಿಯ ಕೆಳಗೆ ಹೋಗಬೇಡಿ. ಗಟ್ಟಿ ಕಟ್ಟಿಗೆಯ ದಿಮ್ಮಿಗಳನ್ನು ಕೊಟ್ಟು, ಚಕ್ರಕ್ಕೆ ಕಲ್ಲಿಟ್ಟ ಮೇಲೆಯೇ ಕೆಳಗೆ ನುಸುಳಿ. ಬಿಸಿ ಆಯಿಲು ಮೈಮೇಲೆ ಬಿದ್ದರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಹಾಕಿ, ಶುಚಿಯಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ. ಟೂತ್ ಪೇಸ್ಟು, ಮಸಿ, ಅರಿಸಿನ ಯಾವುದನ್ನೂ ಮೆತ್ತಬೇಡಿ.

ಡ್ರೈವರಿಗೆ ಹೇಳಬೇಕಾದ ಮಾತು

ನಮ್ಮ ಮೊದಲ ಇಂಜಿನ್ ಹೋದದ್ದು ಡ್ರೈವರಿನ ತಪ್ಪಿನಿಂದ ಎಂದು ಬಹಳ ದಿನ ಅವನನ್ನೇ ಬೈದುಕೊಂಡೆವು. ಮುಂದೆ ಯೋಚಿಸಿ ನೋಡಿದಾಗ ತಪ್ಪು ನಮ್ಮದೂ ಇತ್ತು. ಒಂದು ತಿಂಗಳ ಹಿಂದೆ ಅವನು ಪಂಕ್ಚರಾಗಿ ದಾರಿಯಲ್ಲಿ ನಿಂತು ತಡವಾಗಿ ಬಂದಾಗ, ಮಿಲ್ಲಿನ ಸಾಲು ತಪ್ಪಿತೆಂದು ಎಲ್ಲರೆದುರು ಸಿಟ್ಟು ಮಾಡಿದ್ದೆವು. ಆ ಹೆದರಿಕೆಯಲ್ಲಿಯೇ ಬಲ್ಬು ಹೊತ್ತಿದ ದಿನವೂ ಅವನು ಲಾರಿ ಮುಂದೆ ಓಡಿಸಿದ.

ಎರಡನೆಯ ಲಾರಿ ತಂದಾಗ ಮನೆಯವರೆಲ್ಲ ಕೂಡಿ ಅವನಿಗೇ ಚಾವಿ ಕೊಟ್ಟೆವು. "ಬಲ್ಬು ಹೊತ್ತಿದರೆ, ಮುಳ್ಳು ಇಳಿದರೆ, ಎಲ್ಲಿದ್ದರೂ ನಿಲ್ಲಿಸು. ಲೋಡು ಕೆಟ್ಟರೂ ಚಿಂತೆಯಿಲ್ಲ, ಯಾರೂ ನಿನ್ನನ್ನು ಒಂದು ಮಾತೂ ಅನ್ನುವುದಿಲ್ಲ" ಎಂದು ಹೇಳಿದೆವು. ಅವನು ನಿಲ್ಲಿಸಿದ. ಆದ್ದರಿಂದಲೇ ಆ ಇಂಜಿನ್ ಉಳಿಯಿತು. ಈಗ ಕ್ಯಾಬಿನಿನಲ್ಲಿ ಒಂದು ನೋಟುಬುಕ್ಕು ಇದೆ. ಆಯಿಲ್ ಬದಲಿಸಿದ ತಾರೀಖು, ಕಿಲೋಮೀಟರು, ನಡುವೆ ಹಾಕಿದ ಲೀಟರು, ವಾರಕ್ಕೊಮ್ಮೆ ಬಿಸಿಯಾದಾಗಿನ ಪ್ರೆಶರ್, ಇಷ್ಟನ್ನು ಅವನೇ ಬರೆಯುತ್ತಾನೆ. ಅಂಕಿ ಸ್ವಲ್ಪ ಇಳಿದರೂ ನಮಗಿಂತ ಮೊದಲು ಅವನಿಗೇ ತಿಳಿಯುತ್ತದೆ.

ಈ ಸುಗ್ಗಿಗೆ ಲಾರಿ ಹೊರಡುವ ಮುನ್ನ ನಿಮ್ಮ ಮನೆಯಲ್ಲಿಯೂ ಅಂಥದೊಂದು ನೋಟುಬುಕ್ಕು ಇಡಿ. ಅದಕ್ಕೂ ಮೊದಲು, ಚಾವಿ ಕೊಡುವಾಗ ಡ್ರೈವರಿಗೆ ಆ ಮಾತು ಹೇಳಿ.